ಪೈಪಿಗೆ ಕಾನೂನು, ಹೊಲಕ್ಕೆ ಮನವಿ

ಏಪ್ರಿಲ್ ಬಂತೆಂದರೆ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರಿನ ಅಂಗಡಿಗಳ ಮುಂದೆ ಹುಲ್ಲುಹಾಸಿನ ಗೊಬ್ಬರದ ಚೀಲಗಳ ರಾಶಿ ಏಳುತ್ತದೆ. ಚೀಲದ ಮೇಲೆ ನಮ್ಮ ರೈತರಿಗೂ ಚೆನ್ನಾಗಿ ಪರಿಚಯವಿರುವ ಮೂರು ಅಂಕಿಗಳು: ಸಾರಜನಕ, ರಂಜಕ, ಪೊಟ್ಯಾಷ್. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಸೊಸೈಟಿ ಮುಂದೆ ಸರದಿ ನಿಂತು ತರುವ ಡಿಎಪಿ ಚೀಲದ ಮೇಲೆ ಅವು 18-46-0. ಇಲ್ಲಿಯ ಹುಲ್ಲಿನ ಚೀಲದಲ್ಲಿ ಮೊದಲ ಅಂಕಿ ಇಪ್ಪತ್ತೋ ಮೂವತ್ತೋ ಇರುತ್ತದೆ, ಕೊನೆಯದು ನಾಲ್ಕೋ ಐದೋ. ನಡುವಿನದು ಮಾತ್ರ ಸೊನ್ನೆ. ಮನೆಯಂಗಳದ ಹುಲ್ಲಿಗೆ ರಂಜಕ ಹಾಕುವಂತಿಲ್ಲ. ಹೊಸದಾಗಿ ಹುಲ್ಲು ಬೆಳೆಸುವವರಿಗೆ, ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಮಾತ್ರ ವಿನಾಯಿತಿ.

ಈ ಸೊನ್ನೆಗೆ ಕಾರಣ ಊರ ನಡುವೆ ಹರಿಯುವ ಹ್ಯೂರನ್ ನದಿ. ಆನ್ ಆರ್ಬರ್ ಕುಡಿಯುವ ನೀರಿನಲ್ಲಿ ಸುಮಾರು ಶೇ 85ರಷ್ಟು ಇದೇ ನದಿಯ ಬಾರ್ಟನ್ ಪಾಂಡ್‌ನಿಂದ ಬರುತ್ತದೆ, ಉಳಿದದ್ದು ಕೊಳವೆಬಾವಿಗಳಿಂದ. ಊರು ದಾಟಿ ಕೆಳಗೆ ಹೋದರೆ ಅಣೆಕಟ್ಟು ಕಟ್ಟಿ ಮಾಡಿದ ಎರಡು ಸರೋವರಗಳಿವೆ: ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯ ವಿದ್ಯುತ್ತಿಗಾಗಿ ಕಟ್ಟಿಸಿದ ಫೋರ್ಡ್ ಲೇಕ್, ಅದರಾಚೆ ಬೆಲ್‌ವಿಲ್ ಲೇಕ್. ಬೇಸಿಗೆಯಲ್ಲಿ ಎರಡರಲ್ಲೂ ಪಾಚಿ ಕಟ್ಟುತ್ತಿತ್ತು. ಮೇಲಿನಿಂದ ಹರಿದುಬರುವ ರಂಜಕಕ್ಕೆ ಮಿತಿ ಹಾಕಬೇಕೆಂದು 1990ರ ದಶಕದಲ್ಲೇ ತೀರ್ಮಾನವಾಯಿತು. ಊರಿನ ಕೊಳಚೆನೀರು ಸಂಸ್ಕರಣಾ ಘಟಕ ತನ್ನ ಪಾಲಿನದನ್ನು ತಗ್ಗಿಸುತ್ತ ಬಂತು. ಮಿಕ್ಕಿದ್ದು ಮಳೆನೀರಿನ ಜೊತೆ ಅಂಗಳಗಳಿಂದ, ರಸ್ತೆಗಳಿಂದ ಬರುವ ಪಾಲು. ನಗರಸಭೆ ಹುಲ್ಲಿನ ಗೊಬ್ಬರದ ಮೇಲೆ ನಿರ್ಬಂಧ ಹೇರಿತು. 2007ರಿಂದ ಅದು ಜಾರಿಗೆ ಬಂತು. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಲೇಮನ್ ಮತ್ತು ಸಂಗಡಿಗರು ನದಿಯ ನೀರನ್ನು ಮೊದಲಿನಿಂದಲೂ ಅಳೆಯುತ್ತಿದ್ದವರು. ನಿರ್ಬಂಧದ ನಂತರ ಮತ್ತೆ ಅಳೆದು, ಒಟ್ಟು ರಂಜಕ ಸರಾಸರಿ ಶೇ 28ರಷ್ಟು ಇಳಿದಿದೆ ಎಂದು 2009ರಲ್ಲಿ ಪ್ರಕಟಿಸಿದರು. ಇಳಿಕೆಯ ಅಷ್ಟೂ ಶ್ರೇಯ ಕಾಯ್ದೆಗೇ ಸೇರಬೇಕೆಂದು ಅವರೂ ಪಟ್ಟು ಹಿಡಿಯಲಿಲ್ಲ. ಜನರಲ್ಲಿ ಮೂಡಿದ ಎಚ್ಚರಕ್ಕೂ ಅದರಲ್ಲಿ ಪಾಲಿರಬಹುದು. ಆದರೆ ಒಂದು ಊರು ಒಂದು ಕಾಯ್ದೆ ಮಾಡಿದ್ದಕ್ಕೆ ನದಿ ಇಷ್ಟು ಬೇಗ ಓಗೊಟ್ಟದ್ದು ಎಲ್ಲರ ಕಣ್ಣಿಗೆ ಬಿತ್ತು. ಮಿಷಿಗನ್ ಇಡೀ ರಾಜ್ಯಕ್ಕೆ ಅಂಥದ್ದೇ ಕಾನೂನು ಮಾಡಿತು. 2012ರಲ್ಲಿ ಜಾರಿಗೆ ಬಂದ ಆ ಕಾನೂನಿನಲ್ಲಿ ಒಂದು ವಿನಾಯಿತಿ ಸ್ಪಷ್ಟವಾಗಿದೆ: ಕೃಷಿಭೂಮಿಗೆ ಇದು ಅನ್ವಯಿಸುವುದಿಲ್ಲ.

ನನಗೆ ಇಡೀ ಕಥೆ ಆ ವಿನಾಯಿತಿಯಲ್ಲೇ ಅಡಗಿದಂತೆ ಕಾಣುತ್ತದೆ. ಹ್ಯೂರನ್ ಕೊನೆಗೆ ಸೇರುವುದು ಈರಿ ಸರೋವರವನ್ನು. ಆನ್ ಆರ್ಬರಿನಿಂದ ದಕ್ಷಿಣಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಒಹಾಯೊ ರಾಜ್ಯದ ಟೊಲೆಡೊ ಸಿಗುತ್ತದೆ. ಅಲ್ಲಿ ಅದೇ ಈರಿಗೆ ಮಾಮೀ ನದಿ ಬಂದು ಸೇರುತ್ತದೆ. ಅದರ ಬೆನ್ನ ಹಿಂದೆ ಒಹಾಯೊ, ಇಂಡಿಯಾನಾ, ಮಿಷಿಗನ್‌ಗಳ ಲಕ್ಷಾಂತರ ಎಕರೆ ಮೆಕ್ಕೆಜೋಳ ಮತ್ತು ಸೋಯಾ. ಆ ಹೊಲಗಳಿಗೆ ಬೀಳುವ ಚೀಲಗಳ ಮೇಲೆ ನಡುವಿನ ಅಂಕಿ ಸೊನ್ನೆಯಲ್ಲ.

ಟೊಲೆಡೊ ಎಂದಾಗ ಒಂದು ಹಳೆಯ ಜಗಳ ನೆನಪಾಗುತ್ತದೆ. ಬೆಳಗಾವಿ, ಕಾಸರಗೋಡುಗಳ ಗಡಿ ತಕರಾರು ಕಂಡ ನಮಗೆ ಇದು ಹೊಸದೆನಿಸುವುದಿಲ್ಲ. 1835ರಲ್ಲಿ ಮಾಮೀ ನದೀಮುಖದ ಭೂಮಿ ತಮ್ಮದೆಂದು ಒಹಾಯೊ ಮತ್ತು ಮಿಷಿಗನ್ ಎರಡೂ ಸೈನ್ಯ ಜಮಾಯಿಸಿದವು. ಬಂದರಿನ ಆಸೆ, ಕಾಲುವೆಯ ಆಸೆ. ‘ಯುದ್ಧ’ದಲ್ಲಿ ಹರಿದ ರಕ್ತವೆಂದರೆ ಒಬ್ಬ ಮಿಷಿಗನ್ ಅಧಿಕಾರಿಗೆ ಪೆನ್ನುಚಾಕುವಿನಿಂದಾದ ಗಾಯ ಮಾತ್ರ. ಇರಿದವನ ಹೆಸರು ಟೂ ಸ್ಟಿಕ್ನಿ. ಅವನ ಅಣ್ಣನ ಹೆಸರು ಒನ್. ಅಪ್ಪನಿಗೆ ಹೆಸರಿಡುವ ಕೆಲಸ ಬೇಸರವಾಗಿತ್ತೇನೋ! ಕೊನೆಗೆ 1836ರ ಡಿಸೆಂಬರಿನ ಚಳಿಯಲ್ಲಿ ಮಿಷಿಗನ್ನಿನ ಪ್ರತಿನಿಧಿಗಳು ಸಭೆ ಸೇರಿ ಟೊಲೆಡೊ ಪಟ್ಟಿಯನ್ನು ಒಹಾಯೊಗೆ ಬಿಟ್ಟುಕೊಟ್ಟರು. ಸಭೆ ನಡೆದದ್ದು ಆನ್ ಆರ್ಬರಿನಲ್ಲಿ. ಇತಿಹಾಸ ಅದನ್ನು ‘ಹಿಮ ಕಚ್ಚಿದ ಸಮಾವೇಶ’ ಎಂದು ಕರೆಯುತ್ತದೆ. ಮುಂದಿನ ಜನವರಿ 26ಕ್ಕೆ ಮಿಷಿಗನ್ ರಾಜ್ಯವಾಯಿತು. ನದೀಮುಖ ಕೈಬಿಟ್ಟುಹೋಯಿತು, ನೀರಿನ ತಕರಾರು ಮಾತ್ರ ಈ ಊರಿನ ಬೆನ್ನು ಬಿಡಲಿಲ್ಲ.

ಆಗ ಮಾಮೀ ನದಿಯ ಸುತ್ತ ಹೊಲಗಳಿರಲಿಲ್ಲ. ಅಲ್ಲಿದ್ದದ್ದು ‘ಗ್ರೇಟ್ ಬ್ಲ್ಯಾಕ್ ಸ್ವಾಂಪ್’: ಸುಮಾರು 120 ಮೈಲಿ ಉದ್ದ, 30–40 ಮೈಲಿ ಅಗಲದ ಕರಿಜೌಗು. ಎತ್ತರದ ಮರಗಳು, ಮೊಣಕಾಲು ಮುಳುಗುವ ಕೆಸರು, ಸೊಳ್ಳೆ, ಚಳಿಜ್ವರ. ಗಾಡಿಗಳು ಹೂತುಹೋಗುತ್ತಿದ್ದ ಆ ನೆಲವನ್ನು 19ನೇ ಶತಮಾನದ ಎರಡನೇ ಅರ್ಧದಲ್ಲಿ ಜನ ಒಣಗಿಸಿದರು. ಬದುಗಳುದ್ದಕ್ಕೂ ಹಳ್ಳ ತೋಡಿದರು. ಹೊಲದ ಅಡಿಯಲ್ಲಿ, ಆಳಿನ ಸೊಂಟದುದ್ದ ಕೆಳಗೆ, ಸುಟ್ಟ ಮಣ್ಣಿನ ಕೊಳವೆಗಳನ್ನು ಸಾಲುಸಾಲಾಗಿ ಹೂತರು. ಮಳೆ ಬಿದ್ದರೆ ನೀರು ಮಣ್ಣಿಗಿಳಿದು ಕೊಳವೆ ಸೇರುತ್ತದೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಮಾಮೀ ನದಿಗೆ. ಈಗ ಮಣ್ಣಿನ ಕೊಳವೆಯ ಜಾಗದಲ್ಲಿ ತೂತುಗಳಿರುವ ಕಪ್ಪು ಪ್ಲಾಸ್ಟಿಕ್ ಪೈಪು ಬಂದಿದೆ. ಅದನ್ನು ಹೂಳುವ ಯಂತ್ರಕ್ಕೆ ಉಪಗ್ರಹ ದಾರಿ ತೋರಿಸುತ್ತದೆ. ಇಷ್ಟು ಸಮತಟ್ಟಾದ ಜೇಡಿ ನೆಲದಲ್ಲಿ ಈ ವ್ಯವಸ್ಥೆ ಇಲ್ಲದಿದ್ದರೆ ಬೇಸಾಯವೇ ಇಲ್ಲ. ಒಂದು ಕಾಲಕ್ಕೆ ನೀರನ್ನು ಹಿಡಿದಿಟ್ಟು, ಅದರಲ್ಲಿದ್ದುದನ್ನೆಲ್ಲ ಹೀರಿ, ಸೋಸಿ ಸರೋವರಕ್ಕೆ ಬಿಡುತ್ತಿದ್ದ ಜೌಗು ಹೀಗೆ ನೀರನ್ನು ಆದಷ್ಟು ಬೇಗ ಸಾಗಹಾಕುವ ನೆಲವಾಯಿತು.

ಈರಿ ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಅತ್ಯಂತ ಆಳ ಕಡಿಮೆಯದು. ಅದರಲ್ಲೂ ಪಶ್ಚಿಮದ ತುದಿ ಪರಾತದ ಹಾಗೆ: ಅಗಲ ವಿಪರೀತ, ಸರಾಸರಿ ಆಳ ಏಳೂವರೆ ಮೀಟರೂ ಇಲ್ಲ. ಬೇಸಿಗೆಯಲ್ಲಿ ಬೇಗ ಕಾಯುತ್ತದೆ. ಸರೋವರಕ್ಕೆ ಬರುವ ನೀರಿನಲ್ಲಿ ಸುಮಾರು ಶೇ 80ರಷ್ಟನ್ನು ಹೊತ್ತು ತರುವುದು ಡೆಟ್ರಾಯಿಟ್ ನದಿ. ಆ ನೀರು ತಕ್ಕಮಟ್ಟಿಗೆ ತಿಳಿ. ಮಾಮೀ ತರುವ ನೀರು ಅದರ ಮುಂದೆ ಏನೂ ಅಲ್ಲ. ಆದರೆ ಪಶ್ಚಿಮದ ಆ ಮೂಲೆಯಲ್ಲಿ ಪಾಚಿ ಎಷ್ಟು ಬೆಳೆಯಬೇಕೆಂದು ಗೊತ್ತುಮಾಡುವುದು ಆ ಸಣ್ಣ ಪಾಲಿನ ನೀರೇ. ಅದರಲ್ಲೂ ಮಾರ್ಚಿನಿಂದ ಜುಲೈವರೆಗೆ ಬರುವ ನೀರು.

ಸರೋವರ ಕೆಡುವುದನ್ನು ಈ ಸೀಮೆ ಮೊದಲ ಸಲ ನೋಡುತ್ತಿರುವುದೇನಲ್ಲ. 1953ರಲ್ಲಿ ಸರೋವರದ ತಳದ ಕೆಸರಿನಲ್ಲಿ ಮೇಫ್ಲೈ ಮರಿಗಳು ರಾಶಿಗಟ್ಟಲೆ ಸತ್ತಿದ್ದನ್ನು ವಿಜ್ಞಾನಿಗಳು ಕಂಡರು. ಜೂನ್ ಬಂತೆಂದರೆ ದೀಪದ ಕಂಬಗಳಿಗೆ, ಕಾರಿನ ಗಾಜಿಗೆ, ಅಂಗಡಿಯ ಬಾಗಿಲಿಗೆ ಕವಿದುಕೊಳ್ಳುತ್ತಿದ್ದ ಹುಳು ಅದು. ನಮ್ಮಲ್ಲಿ ಮೊದಲ ಮಳೆಗೆ ಏಳುವ ಈಸುಳ್ಳಿಯ ಪ್ರವಾಹ ಕಂಡವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಇಲ್ಲವಾಗಿತ್ತು. ಮೇಲೆ ಬೆಳೆದ ಪಾಚಿ ಸತ್ತು ಕೆಳಗಿಳಿಯುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತದೆ. ಓಡಲಾರದ ಜೀವಿಗಳು ಸಾಯುತ್ತವೆ. ಹುಳು ಮುಂದೆ ನಾಲ್ಕು ದಶಕ ಪತ್ತೆಯಿರಲಿಲ್ಲ. 1960ರ ದಶಕದ ಕೊನೆಗೆ ಪತ್ರಿಕೆಗಳು ಈರಿ ಸತ್ತಿತೆಂದೇ ಬರೆದವು. 1969ರ ಜೂನ್ 22ರಂದು ಕ್ಲೀವ್ಲೆಂಡಿನಲ್ಲಿ ಈರಿಗೆ ಸೇರುವ ಕಾಯಾಹೋಗ ನದಿಯ ಎಣ್ಣೆಗೆ ಬೆಂಕಿ ಹತ್ತಿಕೊಂಡಿತು. ಡಾ. ಸೂಸ್ 1971ರಲ್ಲಿ ಮಕ್ಕಳಿಗಾಗಿ ಬರೆದ ‘ದ ಲೋರಾಕ್ಸ್’ನಲ್ಲಿ ಈರಿ ಸರೋವರದ ದುಃಸ್ಥಿತಿಯ ಪ್ರಸ್ತಾಪವಿತ್ತು. ಸರೋವರ ಸುಧಾರಿಸಿದೆ ಎಂದು ಒಹಾಯೊದ ಸಂಶೋಧಕರು ಪತ್ರ ಬರೆದ ಮೇಲೆ ಲೇಖಕ ಅದನ್ನು ಮುಂದಿನ ಮುದ್ರಣಗಳಿಂದ ತೆಗೆದರು.

ಸುಧಾರಿಸಿದ್ದು ಹೇಗೆ ಎಂಬುದರಲ್ಲೇ ಮುಂದಿನ ಸೋಲಿನ ಬೀಜವೂ ಇದೆ. ಪಾಚಿಗೆ ಕಾರಣ ಇಂಗಾಲವೋ, ಸಾರಜನಕವೋ, ರಂಜಕವೋ ಎಂಬ ಜಗಳವನ್ನು ಸೋಪು ಕಂಪನಿಗಳು ಬೇಕೆಂದೇ ಎಳೆಯುತ್ತಿದ್ದ ಕಾಲ. ಡಿಟರ್ಜೆಂಟಿನಲ್ಲಿ ರಂಜಕ ತುಂಬಿರುತ್ತಿತ್ತು, ಅವರ ವ್ಯಾಪಾರ ಅದರ ಮೇಲೆ ನಿಂತಿತ್ತು. ಕೆನಡಾದ ಡೇವಿಡ್ ಶಿಂಡ್ಲರ್ ಒಂಟಾರಿಯೊದ ಕಾಡಿನ ಒಂದು ಪುಟ್ಟ ಕೆರೆಯನ್ನು ನಡುವೆ ಪರದೆ ಕಟ್ಟಿ ಎರಡು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಪಚ್ಚೆ ಬಣ್ಣಕ್ಕೆ ತಿರುಗಿತು. ಆಕಾಶದಿಂದ ತೆಗೆದ ಆ ಒಂದು ಫೋಟೊ ಮುಂದೆ ಯಾವ ವಾದಕ್ಕೂ ಜಾಗ ಉಳಿಸಲಿಲ್ಲ. ಅದಕ್ಕೂ ಮುಂಚೆಯೇ, 1972ರಲ್ಲಿ, ಅಮೆರಿಕ, ಕೆನಡಾ ಮಹಾಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದವು. ಡಿಟರ್ಜೆಂಟಿನ ರಂಜಕಕ್ಕೆ ಕಡಿವಾಣ ಬಿತ್ತು. ಡೆಟ್ರಾಯಿಟ್, ಕ್ಲೀವ್ಲೆಂಡ್, ಟೊಲೆಡೊಗಳ ಕೊಳಚೆ ಘಟಕಗಳಿಗೆ ಕೋಟ್ಯಂತರ ಡಾಲರ್ ಸುರಿಯಲಾಯಿತು. 1968ರಲ್ಲಿ ಈರಿಗೆ ವರ್ಷಕ್ಕೆ 25 ಸಾವಿರ ಟನ್ನಿಗೂ ಮೀರಿ ರಂಜಕ ಬರುತ್ತಿತ್ತು. ಒಪ್ಪಂದ ಇಟ್ಟುಕೊಂಡ 11 ಸಾವಿರ ಟನ್ನಿನ ಗುರಿಯನ್ನು 1980ರ ದಶಕದಲ್ಲಿ ಮುಟ್ಟಿಯೇಬಿಟ್ಟರು. ಪಾಚಿ ಹಿಂದೆ ಸರಿಯಿತು. 1990ರ ದಶಕದ ಆರಂಭಕ್ಕೆ ಮೇಫ್ಲೈ ಹಿಂದಿರುಗಿತು. ಈಗ ಅದರ ಹಿಂಡು ಹವಾಮಾನ ರೇಡಾರಿನಲ್ಲಿ ಮೋಡದಂತೆ ಕಾಣಿಸಿಕೊಳ್ಳುತ್ತದೆ.

ಆ ಗೆಲುವೆಲ್ಲ ಪೈಪುಗಳದ್ದು. ಕೊಳಚೆ ಒಂದು ಬಾಯಿಯಿಂದ ಹೊರಬೀಳುತ್ತದೆ. ಆ ಬಾಯಿಗೆ ವಿಳಾಸವಿದೆ, ಮಾಲೀಕನಿದ್ದಾನೆ, ಪರವಾನಗಿ ಇದೆ, ಮೀರಿದರೆ ದಂಡವಿದೆ. 1972ರ ಶುದ್ಧ ನೀರಿನ ಕಾನೂನು ಇಂಥ ಬಾಯಿಗಳನ್ನೆಲ್ಲ ಹಿಡಿಯಿತು. ಹೊಲದಿಂದ ಮಳೆಯ ಜೊತೆ ಹರಿದುಬರುವ ನೀರನ್ನು ಮಾತ್ರ ಬಿಟ್ಟಿತು. ಮುಂದೆ ಆ ವಿನಾಯಿತಿಯನ್ನು ಕಾನೂನಿನ ವ್ಯಾಖ್ಯೆಯಲ್ಲೇ ಬರೆದಿಟ್ಟರು. ಹೊಲದಡಿಯ ಪ್ಲಾಸ್ಟಿಕ್ ಪೈಪೂ ಪೈಪೇ ಅಲ್ಲವೇ ಎಂದು ಕೇಳಬಹುದು. ಕಾನೂನಿನ ಕಣ್ಣಿಗೆ ಅಲ್ಲ.

1990ರ ದಶಕದ ನಡುವಿನಿಂದ ಪಶ್ಚಿಮ ಈರಿಯಲ್ಲಿ ಪಾಚಿ ಮತ್ತೆ ತಲೆಯೆತ್ತಿತು. ಈ ಸಲದ್ದು ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಜಾತಿ. ಹಸಿರು ಬಣ್ಣ ಕಲಸಿದಂತೆ ನೀರಿನ ಮೇಲೆ ತೇಲುತ್ತದೆ, ಯಕೃತ್ತಿಗೆ ಹೊಡೆಯುವ ವಿಷ ಮಾಡುತ್ತದೆ. ವಿಚಿತ್ರವೆಂದರೆ ಮಾಮೀ ತರುತ್ತಿದ್ದ ಒಟ್ಟು ರಂಜಕ ಆಗ ಹೆಚ್ಚೇನೂ ಏರಿರಲಿಲ್ಲ. ಬದಲಾದದ್ದು ಅದರ ರೂಪ ಎಂಬುದನ್ನು ಬಿಡಿಸಿದ್ದು ಒಹಾಯೊದ ಟಿಫಿನ್ ಎಂಬ ಸಣ್ಣ ಊರಿನ ಹೈಡೆಲ್ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯ. 1970ರ ದಶಕದಿಂದ ಅವರ ಯಂತ್ರಗಳು ನದಿದಂಡೆಗಳಲ್ಲಿ ಕೂತು ದಿನಕ್ಕೆ ಮೂರು ಸಲ ನೀರು ತುಂಬಿಕೊಳ್ಳುತ್ತಿವೆ. ಮಣ್ಣಿಗೆ ಅಂಟಿಕೊಂಡು ಬರುವ ರಂಜಕ ಇಳಿದಿತ್ತು. ನೀರಿನಲ್ಲಿ ಕರಗಿ ಬರುವ ರಂಜಕ ಏರಿತ್ತು. ಮಣ್ಣಿಗೆ ಅಂಟಿದ್ದರಲ್ಲಿ ಪಾಚಿಗೆ ದಕ್ಕುವುದು ಸ್ವಲ್ಪವೇ. ಕರಗಿದ್ದು ಹೆಚ್ಚುಕಡಿಮೆ ಪೂರ್ತಿ ದಕ್ಕುತ್ತದೆ.

ಕರಗಿದ್ದು ಏರಿದ್ದೇಕೆ? ಉತ್ತರ ಯಾರಿಗೂ ಹಿತವಾಗುವಂಥದ್ದಲ್ಲ. ಮಣ್ಣು ಕೊಚ್ಚಿಹೋಗದಿರಲೆಂದು ಸರ್ಕಾರವೇ ರೈತರಿಗೆ ಉಳುಮೆ ಬಿಡಿ ಎಂದು ಹೇಳಿಕೊಟ್ಟಿತ್ತು. ರೈತರು ಕೇಳಿದರು, ಮಣ್ಣು ಉಳಿಯಿತು. ಆದರೆ ಉಳದ ಹೊಲದಲ್ಲಿ ಎರಚಿದ ಗೊಬ್ಬರ ಮೇಲಿನ ಎರಡು ಅಂಗುಲದಲ್ಲೇ ಕೂತಿತು. ಎರೆಹುಳು ಕೊರೆದ ರಂಧ್ರಗಳು, ಒಣಜೇಡಿಯ ಬಿರುಕುಗಳು ಮುಚ್ಚದೆ ಹಾಗೇ ಉಳಿದವು. ಮಳೆ ಬಂದಾಗ ಮೇಲಿನ ರಂಜಕ ಕರಗಿ, ಆ ರಂಧ್ರಗಳಲ್ಲಿ ನೇರ ಇಳಿದು, ಅಡಿಯ ಪೈಪು ಸೇರಿತು. ಸಾಲದ್ದಕ್ಕೆ ಹೊಲಗಳು ದೊಡ್ಡವಾದಂತೆ, ಚಳಿಗಾಲಕ್ಕೆ ಮುಂಚೆ ಪುರಸೊತ್ತಿನಲ್ಲಿ ಗೊಬ್ಬರ ಎರಚಿಬಿಡುವ ರೂಢಿ ಬೆಳೆಯಿತು. ಸಾವಿರಾರು ದನ, ಹಂದಿ, ಕೋಳಿಗಳನ್ನು ಒಂದೇ ಸೂರಿನಡಿ ಸಾಕುವ ಘಟಕಗಳ ಸಗಣಿಯೂ ಅದಕ್ಕೆ ಸೇರಿತು. ಸಗಣಿಗೊಬ್ಬರವೆಂದರೆ ನಮ್ಮಲ್ಲಿ ಎರಡು ಮಾತಿಲ್ಲದ ಗೌರವ. ಆದರೆ ಹತ್ತು ಸಾವಿರ ಹಂದಿಗಳ ಸಗಣಿಯನ್ನು ದೂರ ಸಾಗಿಸಲು ಗಿಟ್ಟದೆ ಹತ್ತಿರದ ಹೊಲಗಳಿಗೇ ವರ್ಷ ವರ್ಷ ಸುರಿದರೆ, ಸರೋವರಕ್ಕೆ ಅದೂ ಚೀಲದ ಗೊಬ್ಬರವೂ ಒಂದೇ.

ಆನ್ ಆರ್ಬರಿನ ಪಾತ್ರ ಇಲ್ಲಿ ಮತ್ತೆ ಬರುತ್ತದೆ. ಮಹಾಸರೋವರಗಳನ್ನು ಅಧ್ಯಯನ ಮಾಡುವ ಕೇಂದ್ರ ಸರ್ಕಾರದ ಪ್ರಯೋಗಾಲಯ 1974ರಿಂದ ಈ ಊರಲ್ಲಿದೆ. ಸರೋವರದಿಂದ ಇಷ್ಟು ದೂರದ, ಹಡಗು ನಿಲ್ಲದ ಊರಿನಲ್ಲಿ! ಹಡಗುಗಳ ಹೊಟ್ಟೆಯ ನೀರಿನಲ್ಲಿ ಬಂದು 1988ರಲ್ಲಿ ಪತ್ತೆಯಾದ ಜೀಬ್ರಾ ಚಿಪ್ಪುಮೀನು ಸರೋವರದ ನೀರನ್ನೆಲ್ಲ ಸೋಸಿ ತಿಳಿ ಮಾಡುತ್ತದೆ, ಪಾಚಿ ತಿಂದು ಮುಗಿಸುತ್ತದೆ ಎಂದು ಕೆಲವರು ಖುಷಿಪಟ್ಟಿದ್ದರು. ಇಲ್ಲಿಯ ಹೆನ್ರಿ ವಾಂಡರ್‌ಪ್ಲೋಗ್ ಮತ್ತು ಸಂಗಡಿಗರು ಕ್ಯಾಮೆರಾ ಇಟ್ಟು ಚಿಪ್ಪುಮೀನು ಉಣ್ಣುವುದನ್ನು ನೋಡಿದರು. ಅದು ಒಳ್ಳೆಯ ಪಾಚಿಯನ್ನು ನುಂಗುತ್ತಿತ್ತು. ಮೈಕ್ರೊಸಿಸ್ಟಿಸ್ಸಿನ ಉಂಡೆ ಬಾಯಿಗೆ ಬಂದರೆ ಲೋಳೆ ಸುತ್ತಿ ಆಚೆಗೆ ಉಗುಳುತ್ತಿತ್ತು. ಉಗುಳಿದ್ದು ಜೀವಂತವಾಗಿ ತೇಲಿಹೋಗಿ ಮತ್ತೆ ಬೆಳೆಯುತ್ತಿತ್ತು, ಅದರ ಪೈಪೋಟಿದಾರರು ಮಾತ್ರ ಖಾಲಿ. ವಿಷದ ಪಾಚಿಗೆ ಹೊಲದ ಕಳೆ ಕಿತ್ತು ಕೊಟ್ಟವರು ಈ ಹೊಸ ಅತಿಥಿಗಳು.

2014ರ ಆಗಸ್ಟ್ 2, ಶನಿವಾರ. ಬೆಳಕು ಹರಿಯುವ ಮುನ್ನವೇ ಟೊಲೆಡೊ ನಗರಾಡಳಿತ ಪ್ರಕಟಣೆ ಹೊರಡಿಸಿತು: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂಬೇಡಿ. ಕುದಿಸಿದರೆ ಆ ವಿಷ ಸಾಯುವುದಿಲ್ಲ. ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ. ನೀರು ಕಾಯಿಸಿ ಕುಡಿಯಿರಿ ಎಂಬ ಬುದ್ಧಿಮಾತಿನಲ್ಲೇ ಬೆಳೆದ ನಮ್ಮಂಥವರಿಗೆ ಇದು ನಂಬಲು ಕಷ್ಟದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಒಂದು ಮೈಕ್ರೊಗ್ರಾಂ. ಶುದ್ಧೀಕರಿಸಿದ ನೀರು ಅದನ್ನು ಮೀರಿತ್ತು. ಸರೋವರದ ಒಳಗೆ, ದಡದಿಂದ ಸುಮಾರು ಮೂರು ಮೈಲಿ ದೂರದಲ್ಲಿ ಊರು ನೀರೆತ್ತುವ ಗೋಪುರವಿದೆ. ಗಾಳಿ ಪಾಚಿಯನ್ನು ಒತ್ತಿ ತಂದು ಅದರ ಸುತ್ತಲೇ ನಿಲ್ಲಿಸಿತ್ತು. ಸುಮಾರು ಐದು ಲಕ್ಷ ಜನಕ್ಕೆ ಮೂರು ದಿನ ನಲ್ಲಿ ಮುಟ್ಟದ ಸ್ಥಿತಿ. ಅವರಲ್ಲಿ ಗಡಿಯಾಚೆಯ ಮಿಷಿಗನ್ನಿನವರೂ ಇದ್ದರು. ಅಂಗಡಿಗಳ ಬಾಟಲಿ ನೀರು ಬೆಳಗಾಗುವುದರೊಳಗೆ ಖಾಲಿ. ಜನ ಕಾರು ಹತ್ತಿ ಬೇರೆ ಊರು, ಬೇರೆ ರಾಜ್ಯಗಳಿಗೆ ನೀರಿಗಾಗಿ ಓಡಿದರು. ಸೋಮವಾರ ಮೇಯರ್ ಮೈಕೆಲ್ ಕಾಲಿನ್ಸ್ ಕ್ಯಾಮೆರಾಗಳ ಮುಂದೆ ಒಂದು ಲೋಟ ನಲ್ಲಿ ನೀರು ಕುಡಿದು ತೋರಿಸಿದರು. ಜಗತ್ತಿನ ಮೇಲ್ಮೈ ಸಿಹಿನೀರಿನ ಐದನೇ ಒಂದು ಭಾಗ ಇರುವ ಮಹಾಸರೋವರಗಳ ದಡದಲ್ಲಿ ಇದು ನಡೆಯಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷದ ಪಾಚಿ ದಾಖಲೆಯದ್ದೇನೂ ಅಲ್ಲ. 2011ರದ್ದು ಅದಕ್ಕಿಂತ ಎಷ್ಟೋ ದೊಡ್ಡದು, 2015ರದ್ದು ಅದನ್ನೂ ಮೀರಿಸಿತು.

ಟೊಲೆಡೊ ಘಟನೆಯ ಮರುವರ್ಷ ಒಹಾಯೊ, ಮಿಷಿಗನ್, ಒಂಟಾರಿಯೊ ಸೇರಿ ವಾಗ್ದಾನ ಮಾಡಿದವು: 2008ಕ್ಕೆ ಹೋಲಿಸಿ 2025ರೊಳಗೆ ಪಶ್ಚಿಮ ಈರಿಗೆ ಬರುವ ರಂಜಕ ಶೇ 40ರಷ್ಟು ಇಳಿಕೆ. ಮಾಮೀ ನದಿಗೆ ಲೆಕ್ಕವೂ ಆಯಿತು; ಮಾರ್ಚಿನಿಂದ ಜುಲೈವರೆಗೆ ಒಟ್ಟು ರಂಜಕ 860 ಟನ್, ಅದರಲ್ಲಿ ಕರಗಿದ್ದು 186 ಟನ್ ಮೀರಬಾರದು. ಒಹಾಯೊ 2015ರಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ, ಹಿಮದ ಮೇಲೆ ಗೊಬ್ಬರ ಎರಚುವುದನ್ನು ಈ ಜಲಾನಯನದಲ್ಲಿ ನಿಷೇಧಿಸಿತು. 2019ರಲ್ಲಿ ಗವರ್ನರ್ ಮೈಕ್ ಡಿವೈನ್ ಎಚ್‌2ಒಹಾಯೊ ಎಂಬ ಯೋಜನೆ ತಂದು, ಒಳ್ಳೆಯ ಪದ್ಧತಿ ಅನುಸರಿಸುವ ರೈತರಿಗೆ ಎಕರೆ ಲೆಕ್ಕದಲ್ಲಿ ಹಣ ಕೊಡಲು ಶುರುಮಾಡಿದರು. ಪಟ್ಟಿ ಎಲ್ಲರಿಗೂ ಬಾಯಿಪಾಠ: ಮಣ್ಣು ಪರೀಕ್ಷಿಸಿ, ಬೇಕಾದಷ್ಟೇ ಹಾಕಿ, ಎರಚದೆ ಮಣ್ಣೊಳಗೆ ಇಡಿ, ಮಳೆಯ ಮುನ್ಸೂಚನೆ ನೋಡಿ, ಚಳಿಗಾಲದಲ್ಲಿ ಹೊಲ ಬೋಳು ಬಿಡಬೇಡಿ, ಹಳ್ಳದ ಬದಿಯಲ್ಲಿ ಜೌಗು ಮತ್ತೆ ಕಟ್ಟಿ. ಎಲ್ಲವೂ ಮನವಿ. ಒಪ್ಪುವುದು ಬಿಡುವುದು ರೈತನ ಇಷ್ಟ. 2025 ಬಂತು, ಶೇ 40 ಬರಲಿಲ್ಲ.

ರೈತನನ್ನು ಬೈಯುವುದು ಸುಲಭ. ಅವನ ಕಡೆಯಿಂದ ನೋಡಿದರೆ ಎಕರೆಗೆ ವರ್ಷಕ್ಕೆ ನದಿಗೆ ಹೋಗುವ ರಂಜಕ ಅರ್ಧ ಕಿಲೊದ ಆಸುಪಾಸು. ಅವನ ಖರ್ಚಿನ ಪುಸ್ತಕದಲ್ಲಿ ಅದು ಕಾಣುವುದೇ ಇಲ್ಲ. ಅದನ್ನು ಉಳಿಸಲು ಹೊಸ ಯಂತ್ರ ಕೊಂಡರೆ ನಷ್ಟ. ಸರೋವರದ ಪುಸ್ತಕ ಬೇರೆ. ಲೀಟರಿಗೆ ಕೆಲವೇ ಹತ್ತು ಮೈಕ್ರೊಗ್ರಾಂ ರಂಜಕ ಸಿಕ್ಕರೆ ಪಾಚಿಗೆ ಹಬ್ಬ. ಒಂದು ಕಿಲೊ ರಂಜಕದಿಂದ 500 ಕಿಲೊ ಹಸಿ ಪಾಚಿ ಬೆಳೆಯಬಹುದೆಂಬುದು ಇಲ್ಲಿಯವರ ಹಳೆಯ ಲೆಕ್ಕ. ಅರ್ಧ ಕಿಲೊವನ್ನು ಲಕ್ಷಾಂತರ ಎಕರೆಗಳಿಂದ ಗುಣಿಸಿ ನೋಡಿ. ತಪ್ಪು ಮಾಡಿದವರು ಯಾರೂ ಇಲ್ಲದೆ ನೀರು ಕೆಡುವುದು ಹೀಗೆ. ಇನ್ನು ನೆಲದ ದೊಡ್ಡ ಪಾಲು ಗುತ್ತಿಗೆಯದ್ದು. ಮುಂದಿನ ವರ್ಷ ತನ್ನದಾಗಿರುತ್ತದೋ ಇಲ್ಲವೋ ಎಂಬ ಹೊಲದಲ್ಲಿ ಜೌಗು ಕಟ್ಟುವವರು ಯಾರು? ಮೆಕ್ಕೆಜೋಳದ ದೊಡ್ಡ ಭಾಗ ಎಥನಾಲ್ ಆಗಿ ಕಾರಿನ ಟ್ಯಾಂಕು ಸೇರುತ್ತದೆ. ಪೆಟ್ರೋಲಿಗೆ ಅದನ್ನು ಬೆರೆಸಲೇಬೇಕೆಂಬ ಕಾನೂನು ಮಾಡಿದ್ದೂ ನೀರು ಕಾಯಬೇಕಾದ ಸರ್ಕಾರವೇ.

ರೈತರು ಗೊಬ್ಬರ ಹಾಕದಿದ್ದರೆ ಏನಾಗುತ್ತದೆ ಎಂಬ ಪ್ರಯೋಗವನ್ನು ಯಾರೂ ಮಾಡಲಾರರು. 2019ರಲ್ಲಿ ಮಳೆಯೇ ಮಾಡಿತು. ಆ ವಸಂತದಲ್ಲಿ ಎಡೆಬಿಡದೆ ಸುರಿದು, ಮಾಮೀ ಸೀಮೆಯಲ್ಲಿ ಬಹಳಷ್ಟು ಹೊಲಗಳಿಗೆ ಟ್ರ್ಯಾಕ್ಟರ್ ಇಳಿಯಲಾಗಲಿಲ್ಲ. ಬಿತ್ತನೆಯೂ ಇಲ್ಲ, ಗೊಬ್ಬರವೂ ಇಲ್ಲ. ನದಿ ತುಂಬಿ ಹರಿಯಿತು. ಅಷ್ಟು ನೀರಿಗೆ ಎಷ್ಟು ಕರಗಿದ ರಂಜಕ ಬರಬೇಕಿತ್ತೋ ಅದಕ್ಕಿಂತ ಕಾಲು ಭಾಗಕ್ಕೂ ಮೀರಿ ಕಡಿಮೆ ಬಂತು. ಆ ವರ್ಷದ ಗೊಬ್ಬರ ನಿಂತರೆ ಅದೇ ವರ್ಷ ನದಿಗೆ ತಿಳಿಯುತ್ತದೆ ಎಂದಾಯಿತು. ಇನ್ನುಳಿದ ಮುಕ್ಕಾಲು ಎಲ್ಲಿಂದ ಬಂತು? ಅಜ್ಜ, ಅಪ್ಪ ಹಾಕಿ ಮಣ್ಣಿನಲ್ಲಿ ಕೂಡಿಟ್ಟದ್ದು. ಎರಡೂ ಮಾತು ನಿಜ. ಎರಡನೆಯದನ್ನು ಮಾತ್ರ ಹಿಡಿದು ‘ಇನ್ನು ನಮ್ಮ ಕೈಲೇನಿದೆ’ ಎನ್ನುವವರ ಸಂಖ್ಯೆ ದೊಡ್ಡದು.

ಶಿಕಾಗೊ ತನ್ನ ನೀರನ್ನು ಬೇರೆ ದಾರಿಯಲ್ಲಿ ಕಾಪಾಡಿಕೊಂಡಿತು. 1900ರ ಜನವರಿಯಲ್ಲಿ ತನ್ನ ನದಿಯನ್ನೇ ಹಿಮ್ಮುಖ ತಿರುಗಿಸಿ, ಕೊಳಚೆಯನ್ನು ಮಿಷಿಗನ್ ಸರೋವರದ ಬದಲು ಮಿಸಿಸಿಪ್ಪಿಯ ಕಡೆ ಕಳಿಸಿತು. ಇಲಿನಾಯ್, ಅಯೋವಾಗಳ ಹೊಲದ ನೀರಿನ ಜೊತೆ ಸೇರಿ ಅದು ಮೆಕ್ಸಿಕೊ ಕೊಲ್ಲಿ ತಲುಪುತ್ತದೆ. ಅಲ್ಲಿ ಪ್ರತಿ ಬೇಸಿಗೆ ಉಸಿರಿಲ್ಲದ ನೀರಿನ ದೊಡ್ಡ ವಲಯ ಮೂಡುತ್ತದೆ. ಶಿಕಾಗೊದ ಸ್ಟಿಕ್ನಿ ಕೊಳಚೆ ಸಂಸ್ಕರಣಾ ಘಟಕ 2016ರಲ್ಲಿ ಕೊಳಚೆಯ ರಂಜಕವನ್ನು ಹರಳುಗಟ್ಟಿಸಿ ಗೊಬ್ಬರವಾಗಿ ಮಾರಲು ಶುರುಮಾಡಿತು. ಮತ್ತೆ ನೋಡಿ, ಪೈಪಿನ ಬಾಯಲ್ಲಿ ಆಗುವ ಕೆಲಸ.

ನಮ್ಮಲ್ಲಿ ಪೈಪನ್ನೇ ಇನ್ನೂ ಹಿಡಿಯಲಾಗಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದು, ಬೆಳ್ಳಂದೂರಿಗೆ ಬೆಂಕಿ ಬಿದ್ದದ್ದು ಇನ್ನೂ ನೆನಪಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ನೊರೆಯ ಹಿಂದೆ ಸಂಸ್ಕರಿಸದ ಕೊಳಚೆ ಮತ್ತು ಡಿಟರ್ಜೆಂಟಿನ ರಂಜಕವನ್ನು ಬೊಟ್ಟುಮಾಡಿ ತೋರಿಸಿತ್ತು. 1969ರ ಕ್ಲೀವ್ಲೆಂಡ್ ಕಂಡವರಿಗೆ ಅದು ಗುರುತು ಸಿಗುವ ದೃಶ್ಯ. ಆದರೆ ಟೊಲೆಡೊದ ಹತ್ತಿರದ ನಂಟು ಹುಡುಕಬೇಕೆಂದರೆ ನಾನು ಬೆಂಗಳೂರಿಗೆ ಹೋಗುವುದಿಲ್ಲ, ಹೊಸಪೇಟೆಗೆ ಹೋಗುತ್ತೇನೆ. ತುಂಗಭದ್ರಾ ಜಲಾಶಯದ ನೀರು ಹಸಿರಾಯಿತು ಎಂಬ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮುನಿರಾಬಾದಿನ ಕಡೆ ನಿಂತು ಜನ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದಾರೆ. ಕಾರ್ಖಾನೆ ಎನ್ನುವವರಿದ್ದಾರೆ, ಊರುಗಳ ಚರಂಡಿ ಎನ್ನುವವರಿದ್ದಾರೆ, ಮಲೆನಾಡಿನಿಂದ ದಾವಣಗೆರೆವರೆಗಿನ ಅಡಿಕೆ, ಭತ್ತ, ಮೆಕ್ಕೆಜೋಳದ ಹೊಲಗಳು ಎನ್ನುವವರಿದ್ದಾರೆ. ಎಲ್ಲವೂ ಇರಬಹುದು. ಜಲಾಶಯದ ಕೆಳಗಿನ ಎಡದಂಡೆ ನಾಲೆಯ ಭತ್ತದ ಸೀಮೆಯಲ್ಲಿ ಗೊಬ್ಬರದ ಬಳಕೆ ಹೇಗಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ನೀರು ಗದ್ದೆಯಿಂದ ಗದ್ದೆಗೆ ಇಳಿದು, ಬಸಿಗಾಲುವೆ ಹಿಡಿದು, ಹಳ್ಳ ಸೇರಿ, ಮತ್ತೆ ಹೊಳೆಗೇ ಬರುತ್ತದೆ. 45 ಕಿಲೊದ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ, 50 ಕಿಲೊದ ಡಿಎಪಿಗೆ 1,350. ಈ ಬೆಲೆಗಳ ನಡುವಿನ ಅಂತರವೇ ರೈತನ ಕೈಯನ್ನು ಯೂರಿಯಾದ ಕಡೆ ಎಳೆಯುತ್ತದೆ. ಹೀಗೆ ನಮ್ಮ ಅತಿ ಬಳಕೆ ಸಾರಜನಕದ್ದಾಗಿ, ಅದು ಕೊಳವೆಬಾವಿಗಳಲ್ಲಿ ನೈಟ್ರೇಟ್ ಆಗಿ ಹೊರಬೀಳುತ್ತದೆ. ಈರಿಯಲ್ಲೂ ಸಾರಜನಕ ನಿರಪರಾಧಿಯಲ್ಲ. ಪಾಚಿ ಎಷ್ಟು ದೊಡ್ಡದಾಗಬೇಕೆಂದು ರಂಜಕ ಗೊತ್ತುಮಾಡಿದರೆ, ಎಷ್ಟು ವಿಷವಾಗಬೇಕೆಂಬುದರಲ್ಲಿ ಸಾರಜನಕದ ಪಾತ್ರ ದೊಡ್ಡದು ಎಂದು ಇಲ್ಲಿಯ ವಿಜ್ಞಾನಿಗಳು ಈಗ ಒತ್ತಿ ಹೇಳುತ್ತಿದ್ದಾರೆ.

ಅಳೆಯುವುದರಲ್ಲಿ ಮಾತ್ರ ಆನ್ ಆರ್ಬರಿನ ಪ್ರಯೋಗಾಲಯದಿಂದ ಕಲಿಯುವುದು ಬಹಳಷ್ಟಿದೆ. ಬೇಸಿಗೆಯುದ್ದಕ್ಕೂ ಅವರ ದೋಣಿ ಪಶ್ಚಿಮ ಈರಿಯ ಗೊತ್ತಾದ ಜಾಗಗಳಿಗೆ ವಾರ ವಾರ ಹೋಗಿ ನೀರು ತರುತ್ತದೆ. 2017ರಿಂದ ಟೊಲೆಡೊದ ನೀರೆತ್ತುವ ಗೋಪುರದ ಹತ್ತಿರ ಸರೋವರದ ತಳದಲ್ಲಿ ಒಂದು ಯಂತ್ರ ಕೂರಿಸುತ್ತಿದ್ದಾರೆ. ಅದು ತಾನೇ ನೀರು ಹೀರಿ, ತಾನೇ ವಿಷ ಅಳೆದು, ದಡಕ್ಕೆ ವರದಿ ಕಳಿಸುತ್ತದೆ. ಜುಲೈಯಲ್ಲಿ ಈ ಸಲದ ಪಾಚಿ ಎಷ್ಟೆಂದು ಹವಾಮಾನ ವರದಿಯ ಹಾಗೆ ಮುನ್ಸೂಚನೆ ಬರುತ್ತದೆ. ಟೊಲೆಡೊ ತನ್ನ ನೀರಿನ ಘಟಕಕ್ಕೆ ಓಝೋನ್ ಸಂಸ್ಕರಣೆಯೂ ಸೇರಿ ಸುಮಾರು 50 ಕೋಟಿ ಡಾಲರ್ ಖರ್ಚು ಮಾಡಿದೆ. 2014 ಮತ್ತೆ ಬಂದಿಲ್ಲವೆಂದರೆ ಅದಕ್ಕೆ ಕಾರಣ ಇವು. ಹೊಲಗಳಲ್ಲಿ ಆದ ಬದಲಾವಣೆಯಲ್ಲ. ಖರ್ಚು ಹೋಗುವುದು ಊರಿನವರ ನೀರಿನ ಬಿಲ್ಲಿಗೆ.

ಸಿಟ್ಟಿಗೆದ್ದ ಟೊಲೆಡೊದವರು 2019ರ ಫೆಬ್ರುವರಿಯಲ್ಲಿ ಮತ ಹಾಕಿ, ಬದುಕುವ ಹಕ್ಕು ಈರಿ ಸರೋವರಕ್ಕೇ ಇದೆ ಎಂಬ ಕಾಯ್ದೆ ಪಾಸು ಮಾಡಿದರು. ಮರುದಿನವೇ ಒಂದು ರೈತಕುಟುಂಬದ ಜಮೀನಿನ ಪರವಾಗಿ ಮೊಕದ್ದಮೆ ದಾಖಲಾಯಿತು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ನ್ಯಾಯಾಧೀಶ ಜ್ಯಾಕ್ ಝೌಹರಿ ಅದನ್ನು ಅಸ್ಪಷ್ಟವೆಂದು, ಸಂವಿಧಾನಕ್ಕೆ ಹೊರತೆಂದು ತಳ್ಳಿಹಾಕಿದರು. ಒಂದು ನಗರ ತನ್ನ ಗಡಿಯಾಚೆಯ ಸಂಗತಿಗಳಿಗೆ ಕಾನೂನು ಬರೆಯಲಾಗದು ಎಂಬ ಅವರ ಮಾತಿಗೆ ಎದುರಾಡುವುದು ಕಷ್ಟ. ಹಾಗಾದರೆ ಬರೆಯಬೇಕಾದವರು ಯಾರು? ಶಿಕಾಗೊದಲ್ಲಿ ಕೇಂದ್ರವಿರುವ ಎನ್ವಿರಾನ್ಮೆಂಟಲ್ ಲಾ ಅಂಡ್ ಪಾಲಿಸಿ ಸೆಂಟರ್ ಮತ್ತು ಟೊಲೆಡೊ ಇರುವ ಲೂಕಾಸ್ ಕೌಂಟಿ ಕೇಂದ್ರದ ಪರಿಸರ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿ ಹೂಡಿ, ಮಾಮೀ ನದಿಗೆ ರಂಜಕದ ಮಿತಿಯ ಅಧಿಕೃತ ಯೋಜನೆಯೊಂದನ್ನು ಬರೆಸಿದವು. ಅದಕ್ಕೆ 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ತೆರೆದು ನೋಡಿದರೆ ಕೊಳಚೆ ಘಟಕಗಳಿಗೆ, ಕಾರ್ಖಾನೆಗಳಿಗೆ ಪರವಾನಗಿಯಲ್ಲಿ ನಮೂದಾಗುವ ಮಿತಿಗಳು. ಸಿಂಹಪಾಲು ರಂಜಕ ಬರುವ ಹೊಲಗಳ ಪುಟದಲ್ಲಿ ಪ್ರೋತ್ಸಾಹಧನ, ತರಬೇತಿ, ಸ್ವಂತ ಇಚ್ಛೆಯಿಂದ ಸೇರಿಕೊಳ್ಳುವ ರೈತರ ಮೇಲಿನ ಭರವಸೆ. ಆ ಯೋಜನೆ ಸಾಲದೆಂದು ಅದೇ ಕೌಂಟಿ, ಅದೇ ಸೆಂಟರ್ 2024ರಲ್ಲಿ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದವು.